ನೂರಿಪ್ಪತ್ತೇಳು ಹಲ್ಲು

ಒಡೆದ ಗೇರಿನ ಮೂರು ತುಂಡುಗಳನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ಚೌಡಪ್ಪ ಭದ್ರಾವತಿ ಹಳೇನಗರದ ಮುರುಗೇಶಪ್ಪನ ಅಂಗಡಿ ಹೊಕ್ಕಾಗ ಮಧ್ಯಾಹ್ನದ ಕರೆಂಟು ಹೋಗಿತ್ತು. ಮುರುಗೇಶಪ್ಪ ಊಟ ಮುಗಿಸಿ, ಹಲ್ಲು ಕೊರೆಯುವ ಮಿಷನ್ನಿನ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಬೀಡಿ ಹಚ್ಚಿದ್ದ. ಸುತ್ತಮುತ್ತ ಯಾರ ಮಿಷನ್ನಿನ ಗೇರು ಹೋದರೂ ಕಡೆಗೆ ಬಂದು ಬೀಳುತ್ತಿದ್ದದ್ದು ಅವನ ಆ ಬೆಂಚಿನ ಮೇಲೆಯೇ.

"ಬ್ರೇಜಿಂಗ್ ಬೆಸುಗೆ ಹಾಕ್ಸು," ಎಂದ ತುಂಡು ನೋಡಿ.

"ಹಾಕ್ಸಿದ್ದೆ. ಎರಡು ಸುತ್ತು ತಿರುಗಿ ಮತ್ತೆ ಬಾಯಿ ಬಿಡ್ತು."

"ಏನು ಬಿತ್ತು ಇದರ ಮೇಲೆ?"

"ಸ್ಪ್ಯಾನರ್. ನಾನೇ ಇಟ್ಟು ಮರೆತಿದ್ದೆ."

ಮುರುಗೇಶಪ್ಪ ಬೈಯಲಿಲ್ಲ. ಐವತ್ತು ದಾಟಿದವರು ಏನೇನನ್ನು ಎಲ್ಲೆಲ್ಲಿ ಇಟ್ಟು ಮರೆಯುತ್ತಾರೆ ಎನ್ನುವುದು ಅವನಿಗೂ ಗೊತ್ತಿತ್ತು. "ಎಷ್ಟು ಹಲ್ಲು?"

"ನೂರಿಪ್ಪತ್ತೇಳು."

ಮುರುಗೇಶಪ್ಪ ಬೀಡಿಯನ್ನು ಬಾಯಿಂದ ತೆಗೆದ. "ನೂರಿಪ್ಪತ್ತು ಮಾಡ್ಕೊಡ್ತೀನಿ. ನೂರಿಪ್ಪತ್ತೆಂಟು ಬೇಕಾ, ಕರೆಂಟು ಬಂದರೆ ಸಂಜೆಗೇ ತಗೊಂಡು ಹೋಗು. ನೂರಿಪ್ಪತ್ತೇಳು ಆಗಲ್ಲ ಕಣಣ್ಣ. ಅದು ಯಾವುದಕ್ಕೂ ಬಗ್ಗಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಗೇರಿನ ಹಲ್ಲುಗಳನ್ನು ಸಮನಾಗಿ ಹಂಚಲು ಅವನ ಹತ್ತಿರ ಸುತ್ತ ತೂತು ಹೊಡೆದ ಉರುಟು ತಟ್ಟೆಗಳಿದ್ದವು. ಅರವತ್ತು ಹಲ್ಲು ಬೇಕಾದರೆ ಅರವತ್ತು ತೂತಿನ ತಟ್ಟೆಯೇ ಬೇಕೆಂದಿಲ್ಲ, ಹದಿನೈದು ತೂತಿನದ್ದು ಸಾಕು. ಏಕೆಂದರೆ ಅರವತ್ತು ಒಡೆಯುತ್ತದೆ. ನೂರಿಪ್ಪತ್ತೆಂಟಂತೂ ತೀರಾ ಸಾಧು. ಅರ್ಧ ಮಾಡಿದರೆ ಅರವತ್ತನಾಲ್ಕು, ಮತ್ತೆ ಅರ್ಧ ಮಾಡಿದರೆ ಮೂವತ್ತೆರಡು, ಹೀಗೇ ಒಂದರವರೆಗೂ ತಲೆ ತಗ್ಗಿಸಿಕೊಂಡು ಇಳಿಯುತ್ತದೆ. ಅದರ ಪಕ್ಕದಲ್ಲೇ ಕೂತ ನೂರಿಪ್ಪತ್ತೇಳು ಮಾತ್ರ ಎರಡರಿಂದಲೂ ಹೋಗದು, ಮೂರರಿಂದಲೂ ಹೋಗದು, ಐದು, ಏಳು, ಹನ್ನೊಂದು, ಯಾವುದರಿಂದಲೂ ಹೋಗದು. ಅವಿಭಾಜ್ಯ ಸಂಖ್ಯೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಚೌಡಪ್ಪನಿಗೆ ಮಸುಕಾಗಿ ನೆನಪಿತ್ತು. ಶಾಲೆಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

"ದೊಡ್ಡ ಕಾರ್ಖಾನೇಲಿ ಅದಕ್ಕೆ ಬೇರೆ ಸೆಟ್ಟೇ ಇರುತ್ತೆ. ನನ್ನ ಹತ್ರ ಎಲ್ಲಿ ಬರಬೇಕು?" ಎಂದ ಮುರುಗೇಶಪ್ಪ. "ಬೇರೆ ಗೇರು ಜೋಡಿಸಿ ಹತ್ತಿರದ ಲೆಕ್ಕಕ್ಕೆ ತಳ್ಳು."

"ಬೇರೆ ಗೇರು ಇದ್ದಿದ್ದರೆ ನಿನ್ನ ಮುಖ ನೋಡೋಕೆ ಯಾಕೆ ಬರ್ತಿದ್ದೆ ಮಾರಾಯ."

ಗೇರು ಒಡೆದ ಲೇತು, ಕಬ್ಬಿಣವನ್ನು ತಿರುಗಿಸಿ ಕೊರೆಯುವ ಆ ಮಿಷನ್ನು, ಹರಾಜಿನದ್ದು. ಚೌಡಪ್ಪನೂ ಅವನ ಹೆಂಡತಿಯ ತಮ್ಮ ಧರ್ಮಪ್ಪನೂ ಒಂದೇ ದಿನ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಿದ್ದವರು. ಚೌಡಪ್ಪ ಲೇತಿನ ಟರ್ನರ್, ಧರ್ಮಪ್ಪ ಆಫೀಸಿನ ಗುಮಾಸ್ತ. ಬಂದ ದುಡ್ಡು ಕರಗಿ ಹೋಗುವ ಮುಂಚೆ ಏನಾದರೂ ಮಾಡಬೇಕೆಂದು ಇಬ್ಬರೂ ಸೇರಿ ಒಂದು ಹಳೆಯ ಇಂಗ್ಲಿಷ್ ಲೇತನ್ನು ಕೊಂಡು ಮಾಚೇನಹಳ್ಳಿಯಲ್ಲಿ ಸಿಮೆಂಟು ಶೀಟಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದರು. ಆನೆಯಂಥ ಮಿಷನ್ನು. ಆದರೆ ಅದು ಹುಟ್ಟಿದ್ದು ಇಂಚಿನ ಲೆಕ್ಕದಲ್ಲಿ. ಊರಿನ ಕೆಲಸವೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾಗಿತ್ತು. ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಸ್ಕ್ರೂ ಕೊರೆಯಬೇಕಾದರೆ ನಡುವೆ ದುಭಾಷಿಯ ಹಾಗೆ ಒಂದು ಗೇರು ಬೇಕು, ಅದಕ್ಕೆ ನೂರಿಪ್ಪತ್ತೇಳು ಹಲ್ಲಿರಬೇಕು. ಆ ದುಭಾಷಿ ಈಗ ಗೋಣಿಚೀಲದಲ್ಲಿ ಮೂರು ತುಂಡಾಗಿ ಮಲಗಿತ್ತು.

ಕೆಲಸ ಮೊದಲೇ ಕಮ್ಮಿ. ಗೇರು ಒಡೆದ ದಿನ ಧರ್ಮಪ್ಪ ಕೂಗಾಡಲಿಲ್ಲ, ಅದೇ ಚೌಡಪ್ಪನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. "ಭಾವ, ನಂಗೂ ಸಾಕಾಗಿದೆ, ನಿಮಗೂ ಸಾಕಾಗಿದೆ. ಗುಜರಿಯವನು ತೂಕಕ್ಕೆ ತಗೊಳ್ತಾನಂತೆ. ಬಿಡಿ," ಎಂದಿದ್ದ.

"ಹಿರಿಯಣ್ಣನ ಸ್ಕ್ರೂ ಒಪ್ಪಿಕೊಂಡಿದ್ದೀವಲ್ಲೋ."

ಹಿರಿಯಣ್ಣನದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸು. ಅವನ ಪೇಪರ್ ಕತ್ತರಿಸುವ ಮಿಷನ್ನಿನಲ್ಲಿ ಕಾಗದ ತಳ್ಳುವ ಉದ್ದನೆಯ ಸ್ಕ್ರೂ ಸವೆದಿತ್ತು. ಕೈಚಕ್ರ ಒಂದು ಸುತ್ತು ತಿರುಗಿದರೆ ಕಾಗದ ಸರಿಯಾಗಿ ಐದು ಮಿಲಿಮೀಟರ್ ಸರಿಯಬೇಕು, ಅದು ಅವನ ಷರತ್ತು.

ಧರ್ಮಪ್ಪ ಅದಕ್ಕೆ ಹೇಳಿದ್ದ: "ಆ ಸ್ಕ್ರೂ ಸರಿ ಬಂದರೆ ಲೇತು ಇರಲಿ. ಮಿಲಿಮೀಟರಿನ ಕೆಲಸ ಮಾಡೋ ಮಿಷನ್ನು ಅಂದರೆ ನಾಲ್ಕು ಜನ ಬರ್ತಾರೆ. ಸರಿ ಬರಲಿಲ್ಲ ಅಂದರೆ ತಿಂಗಳ ಕಡೇಲಿ ಗುಜರಿ ಲಾರಿ ಬರುತ್ತೆ. ಆಮೇಲೆ ನನ್ನ ಮೇಲೆ ಮುನಿಸ್ಕೋಬೇಡಿ."

ಲೇತು ಹೋದರೆ ಏನೆಂದು ನೋಡಲು ಚೌಡಪ್ಪ ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ಫ್ಯಾಕ್ಟರಿಯ ಗೇಟಿನಲ್ಲಿ ಕೃಷ್ಣಪ್ಪ ಕೂತಿರುತ್ತಿದ್ದ. ಅವನೂ ಚೌಡಪ್ಪನೂ ಕಾರ್ಖಾನೆಯ ಒಂದೇ ಶಾಪಿನಲ್ಲಿ ಅಕ್ಕಪಕ್ಕದ ಲೇತಿನಲ್ಲಿ ನಿಂತವರು. ಈಗ ಕೃಷ್ಣಪ್ಪನಿಗೆ ಖಾಕಿ ಅಂಗಿ, ಒಂದು ಕೋಲು, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಒಳಗೆ ಹೋಗುವ ಲಾರಿಗೆ ಎದ್ದು ಗೇಟು ತೆಗೆಯುತ್ತಾನೆ, ಹೊರಗೆ ಬರುವ ಕಾರಿಗೆ ಎದ್ದು ಸಲಾಮು ಹೊಡೆಯುತ್ತಾನೆ. "ನಿಂಗೂ ಒಂದು ಗೇಟು ನೋಡ್ಲೇನೋ?" ಎಂದು ದಿನಾ ಕೇಳುತ್ತಾನೆ. ಚೌಡಪ್ಪ ಶೆಡ್ಡಿನ ಬೀಗ ತೆಗೆಯಲು ಹೊರಡುತ್ತಾನೆ. ಆ ಸಲಾಮು ಅವನಿಗೆ ಬೇಡ. ಆ ಕುರ್ಚಿಯನ್ನು ಮಾತ್ರ ಬೇಡವೆನ್ನಲಾರ. ಅವನ ಬಲಗಾಲಿನ ಮಂಡಿ ಎರಡು ವರ್ಷದಿಂದ ಊದಿಕೊಂಡೇ ಇದೆ.

ಆ ಸಂಜೆ ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತವನು ಹೆಂಡತಿಯ ಕೊರಳು ನೋಡಿದ. ಶೇಷಮ್ಮ ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿದ್ದಳು; ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಒಂದು ಮಗ್ಗುಲು ಇಂಚು, ಇನ್ನೊಂದು ಮಗ್ಗುಲು ಸೆಂಟಿಮೀಟರ್.

"ಅದನ್ನ ಒಂಚೂರು ಕೊಡು."

"ಯಾಕೆ, ಸೊಂಟ ಅಳೀಬೇಕಾ? ಅಳೆದರೆ ಬೇಜಾರಾಗ್ತೀರ," ಎಂದು ಟೇಪನ್ನು ಎಸೆದಳು.

ಚೌಡಪ್ಪ ಅದನ್ನು ಮಂಡಿಯ ಮೇಲೆ ಎಳೆದು ಎರಡೂ ಮಗ್ಗುಲು ನೋಡುತ್ತಾ ಹೋದ. ಒಂದು ಇಂಚಿನ ಗೆರೆಯ ಹಿಂದೆ ಸೆಂಟಿಮೀಟರಿನ ಗೆರೆ ಸಿಗದು. ಎರಡಕ್ಕೂ ಸಿಗದು. ಹನ್ನೊಂದಕ್ಕೆ ಹತ್ತಿರ ಬರುತ್ತದೆ, ಸೇರದು. ಮುನಿದು ಬೇರೆ ಬೇರೆ ದಿಕ್ಕಿಗೆ ಮಲಗಿದ ಗಂಡಹೆಂಡಿರ ಹಾಗೆ ಎರಡು ಲೆಕ್ಕಗಳೂ ಪಕ್ಕಪಕ್ಕದಲ್ಲೇ ಇದ್ದು ಒಂದನ್ನೊಂದು ಮುಟ್ಟದೆ ನಡೆಯುತ್ತಿದ್ದವು.

"ಐವತ್ತರ ಹತ್ರ ನೋಡಿ," ಎಂದಳು ಶೇಷಮ್ಮ ತಲೆ ಎತ್ತದೆ. "ಅಲ್ಲಿ ಒಂದೇ ಕಡೆ ಬರುತ್ತೆ. ಲಂಗದ ಘೇರು ಅಳೆಯೋವಾಗ ನೋಡಿದ್ದೀನಿ."

ಐವತ್ತು ಇಂಚಿನ ಗೆರೆಯ ಬೆನ್ನಿಗೆ ಸರಿಯಾಗಿ ನೂರಿಪ್ಪತ್ತೇಳನೇ ಸೆಂಟಿಮೀಟರಿನ ಗೆರೆ. ಅದಕ್ಕೂ ಮುಂಚೆ ಎಲ್ಲೂ ಇಲ್ಲ. ಚೌಡಪ್ಪ ಇಪ್ಪತ್ತಾರು ವರ್ಷ ಗೇರು ಜೋಡಿಸಿದ್ದ, ನೂರಿಪ್ಪತ್ತೇಳೇ ಯಾಕೆ ಎಂದು ಕೇಳಿರಲಿಲ್ಲ. ಆಗಲೂ ದೊಡ್ಡ ಸಂತೋಷವೇನೂ ಆಗಲಿಲ್ಲ. ಒಡೆಯದ ಸಂಖ್ಯೆ ಒಡೆಯದೇ ಉಳಿಯುವುದಕ್ಕೆ ಒಂದು ಕಾರಣ ಸಿಕ್ಕಿತು, ಅಷ್ಟೆ. ಆದರೆ ಟೇಪನ್ನು ನೋಡುತ್ತಾ ಉಪಾಯವೊಂದು ಹೊಳೆಯಿತು. ತೂತಿನ ತಟ್ಟೆ ಇಲ್ಲದಿದ್ದರೇನು, ಒಂದು ಮರದ ಗಾಲಿಯ ಸುತ್ತ ನೂರಿಪ್ಪತ್ತೇಳು ಸಮ ಗೆರೆಗಳ ಪಟ್ಟಿ ಸುತ್ತಿ, ಗಾಲಿ ಕೂತ ಕಂಬಿಗೇ ಗೇರಾಗಬೇಕಾದ ಉಕ್ಕಿನ ತಟ್ಟೆಯನ್ನೂ ಕಚ್ಚಿಸಿ, ಗಾಲಿಯನ್ನು ಗೆರೆಯಿಂದ ಗೆರೆಗೆ ಕೈಯಲ್ಲೇ ತಿರುಗಿಸುತ್ತಾ ಕೊರೆಯಬಹುದು. ಹಲ್ಲು ಕೂದಲೆಳೆಯಷ್ಟು ಆಚೀಚೆ ಆದರೂ ನಡೆಯುತ್ತದೆ, ಎಣಿಕೆ ತಪ್ಪಬಾರದು.

"ಇದನ್ನೇ ತಗೊಂಡು ಹೋಗಿ," ಎಂದಳು ಶೇಷಮ್ಮ. "ಗೆರೆ ಹಾಕೇ ಇದೆಯಲ್ಲ."

"ಬಟ್ಟೆ ಟೇಪು ಕಣೆ. ಎಳೆದಷ್ಟೂ ಬರುತ್ತೆ. ಇದನ್ನ ನಂಬಿ ಗೇರು ಕೊರೆಯೋಕಾಗುತ್ತಾ?"

"ಇದನ್ನ ನಂಬಿ ಊರವರ ರವಿಕೆ ಹೊಲಿದಿದ್ದೀನಿ," ಎಂದು ಶೇಷಮ್ಮ ಟೇಪನ್ನು ಕಿತ್ತುಕೊಂಡು ಕೊರಳಿಗೆ ಹಾಕಿಕೊಂಡಳು.

ಮಾರನೇ ದಿನ ಮುರುಗೇಶಪ್ಪ ಉಪಾಯಕ್ಕೆ ಒಪ್ಪಿದ. ಪೆಟ್ಟಿಗೆ ಬಿಗಿಯುವ ಕಬ್ಬಿಣದ ಪಟ್ಟಿಯೊಂದನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದರು. ಚೌಡಪ್ಪ ಮಂಡಿಯೂರಲಾರದೆ ಒಂದು ಕಾಲು ಚಾಚಿ ಕೂತು, ಡಿವೈಡರಿನ ಎರಡು ಮೊನೆಗಳನ್ನು ಒಂದೇ ಅಂತರಕ್ಕೆ ಬಿಗಿದು, ಹೆಜ್ಜೆ ಹಾಕಿಸಿದ ಹಾಗೆ ಪಟ್ಟಿಯ ಮೇಲೆ ಮೊನೆ ಊರುತ್ತಾ ಹೋದ. ಎಣಿಸುವ ಕೆಲಸ ಮುರುಗೇಶಪ್ಪನದು. ಪಟ್ಟಿ ಎಷ್ಟು ಉದ್ದ ಬಂದರೂ ಚಿಂತೆಯಿಲ್ಲ, ಅದಕ್ಕೆ ಸರಿಯಾಗಿ ಗಾಲಿ ಮಾಡಿಕೊಂಡರಾಯಿತು.

"ಲಾಭ," ಎಂದ ಚೌಡಪ್ಪ, ಭತ್ತ ಅಳೆಯುವವರ ರೂಢಿಯಂತೆ, ಮೊದಲ ಹೆಜ್ಜೆ ಊರಿ.

"ಲಾಭ," ಎಂದ ಮುರುಗೇಶಪ್ಪನೂ. ಆಮೇಲೆ ಚೌಡಪ್ಪನ ಬಾಯಿ ಮುಚ್ಚಿತು, ಮುರುಗೇಶಪ್ಪನದು ಶುರುವಾಯಿತು. ಸೆಕೆಗೆ ಬೆವರು ಪಟ್ಟಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಚೌಡಪ್ಪ ಕಿವಿಗೊಡಲಿಲ್ಲ, ಮೊನೆ ಜಾರದಂತೆ ನೋಡಿಕೊಳ್ಳುವುದೇ ಸಾಕಾಗಿತ್ತು. "ನೂರಿಪ್ಪತ್ತೇಳು, ನಿಲ್ಲಿಸು," ಎಂದಾಗ ನಿಲ್ಲಿಸಿ, ಸೊಂಟ ಹಿಡಿದುಕೊಂಡು ಎದ್ದ.

ಗಾಲಿಯಾಯಿತು, ಪಟ್ಟಿ ಸುತ್ತಿದ್ದಾಯಿತು, ದಪ್ಪ ಉಕ್ಕಿನ ತಟ್ಟೆಯಲ್ಲಿ ಹಲ್ಲು ಕೊರೆದದ್ದೂ ಆಯಿತು. ಸೀಮೆಸುಣ್ಣದಿಂದ ಗುರುತು ಹಾಕಿ ಮುರುಗೇಶಪ್ಪ ಮತ್ತೊಮ್ಮೆ ಹಲ್ಲು ಎಣಿಸಿದ. ಸರಿಯಾಗಿ ನೂರಿಪ್ಪತ್ತೇಳು. ಚೌಡಪ್ಪ ತಾನೂ ಒಂದು ಸಲ ಎಣಿಸಬಹುದಿತ್ತು. ಕಡೇ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೆ ದಣಿದವನಿಗೆ ಇನ್ನೊಬ್ಬನ ಲೆಕ್ಕ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ಶೆಡ್ಡಿನಲ್ಲಿ ಹೊಸ ಗೇರು ಕೂತಿತು. ತಿರುಗುವಾಗ ಸ್ವಲ್ಪ ಕುರ್ರೆಂದಿತು. ಕೈಯಲ್ಲಿ ಕೊರೆದ ಹಲ್ಲು, ಇಷ್ಟೂ ಅನ್ನದಿರುತ್ತದೆಯೇ ಎಂದುಕೊಂಡ. ಸ್ಕ್ರೂ ಕೊರೆದ, ಅದಕ್ಕೆ ಗನ್‌ಮೆಟಲ್ ಕಂಚಿನ ನಟ್ಟು ಕೊರೆದ. ನಟ್ಟು ಸ್ಕ್ರೂವಿನ ಮೇಲೆ ಬೆಣ್ಣೆಯ ಹಾಗೆ ಜಾರಿತು. ಧರ್ಮಪ್ಪ ಕೂಡ ಎರಡು ಸಲ ಅದನ್ನು ತಿರುಗಿಸಿ ನೋಡಿ, "ಪರವಾಗಿಲ್ಲ ಭಾವ," ಎಂದ. ಬಹಳ ದಿನದ ಮೇಲೆ ಅವನ ಬಾಯಿಂದ ಬಂದ ಒಳ್ಳೆಯ ಮಾತು ಅದು.

ಸ್ಕ್ರೂ ಪ್ರೆಸ್ಸಿಗೆ ತಲುಪಿಸಿದ ಎರಡು ದಿನಕ್ಕೆ ಹಿರಿಯಣ್ಣ ಹೇಳಿಕಳಿಸಿದ.

ಪ್ರೆಸ್ಸಿನಲ್ಲಿ ಹಿರಿಯಣ್ಣ ಕೋಪ ಮಾಡಿಕೊಳ್ಳಲಿಲ್ಲ. ಒಂದು ರಟ್ಟಿನ ತುಂಡು ಎತ್ತಿ ಕೊಟ್ಟು, "ಅಳತೆ ಮಾಡಿ ಚೌಡಪ್ಪನವರೇ," ಎಂದ. "ಮೂವತ್ತು ಸೆಂಟಿಮೀಟರು ಅಂತ ತಿರುಗಿಸಿ ಕತ್ತರಿಸಿದ್ದು."

ಎರಡು ಮಿಲಿಮೀಟರಿಗಿಂತ ಜಾಸ್ತಿಯೇ ತಪ್ಪಿತ್ತು.

"ಅರವತ್ತಕ್ಕೆ ಹೋದರೆ ಹತ್ತಿರ ಹತ್ತಿರ ಅರ್ಧ ಸೆಂಟಿಮೀಟರು. ಸವೆದ ಹಳೇ ಸ್ಕ್ರೂನೇ ವಾಸಿ ಇತ್ತಲ್ರೀ, ಅದು ಎಲ್ಲಿ ಮೋಸ ಮಾಡುತ್ತೆ ಅಂತ ನನ್ನ ಹುಡುಗರಿಗೆ ಗೊತ್ತಿತ್ತು. ಇದು ಶುರುವಿನಿಂದ ಕಡೇವರೆಗೂ ನಗುನಗ್ತಾ ಮೋಸ ಮಾಡುತ್ತೆ."

"ನಟ್ಟು ಸರಿಯಾಗೇ ಕೂತಿತ್ತು."

"ಕೂರದೆ ಏನು? ಎರಡೂ ಒಂದೇ ಹೊಟ್ಟೇಲಿ ಹುಟ್ಟಿದ ಮಕ್ಕಳು. ಒಂದರ ಸುಳ್ಳಿಗೆ ಇನ್ನೊಂದು ಹೂಂ ಅನ್ನುತ್ತೆ." ಹಿರಿಯಣ್ಣ ರಟ್ಟನ್ನು ಬುಟ್ಟಿಗೆ ಹಾಕಿದ. "ಇನ್ನೊಂದು ಸಲ ಮಾಡಿ ಕೊಡಿ. ಬೈಂಡಿಂಗ್ ಸೀಸನ್ ಶುರುವಾದರೆ ನಾನೂ ಕಾಯೋಕಾಗಲ್ಲ."

ಶಿವಮೊಗ್ಗದಿಂದ ಮಾಚೇನಹಳ್ಳಿಗೆ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತವನ ತಲೆಯಲ್ಲಿ ಒಂದೇ ಯೋಚನೆ. ಗೇರುಗಳ ಜೋಡಣೆ ಸರಿಯಿತ್ತು, ಲೇತು ಸರಿಯಿತ್ತು. ಶೆಡ್ಡಿನ ಬೀಗ ತೆಗೆದವನೇ ಹೊಸ ಗೇರನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. ಎಣಿಸಲಿಲ್ಲ. ಹಳೆಯ ಗೇರಿನಲ್ಲಿ ಅವನು ಕಂಡಿದ್ದ ಒಂದು ವಿಷಯ ನೆನಪಾಯಿತು: ಅದರ ಯಾವ ಹಲ್ಲಿನಿಂದ ಎದುರಿಗೆ ನೇರ ಗೆರೆ ಎಳೆದರೂ ಅಲ್ಲಿ ಹಲ್ಲು ಇರುತ್ತಿರಲಿಲ್ಲ, ಸಂದು ಇರುತ್ತಿತ್ತು. ಬೆಸ ಸಂಖ್ಯೆ, ಎದುರಿಗೆ ಜೋಡಿ ಸಿಗದು. ಸ್ಟೀಲ್ ಸ್ಕೇಲನ್ನು ಹೊಸ ಗೇರಿನ ಒಂದು ಹಲ್ಲಿನ ಮೇಲಿಟ್ಟು, ನಡುವಿನ ತೂತಿನ ಮಧ್ಯದಲ್ಲಿ ಹಾಯಿಸಿ, ಆ ಕಡೆ ನೋಡಿದ.

ಹಲ್ಲು. ಸರಿಯಾಗಿ ಹಲ್ಲಿಗೆ ಎದುರು ಹಲ್ಲು.

ಇನ್ನೊಂದು ಕಡೆ ಇಟ್ಟು ನೋಡಿದ. ಅಲ್ಲೂ ಹಲ್ಲು. ಚೌಡಪ್ಪ ಸ್ಕೇಲನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು, ಗೇರನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮತ್ತೆ ಭದ್ರಾವತಿಗೆ ಹೊರಟ.

ಮುರುಗೇಶಪ್ಪ ಮೊದಲು ಒಪ್ಪಲಿಲ್ಲ. "ಎರಡು ಸಲ ಎಣಿಸಿದ್ದೀನಣ್ಣ. ಎರಡು ಸಲವೂ ಒಂದೇ ಬಂತು."

"ನನ್ನ ಮುಂದೆ ಎಣಿಸು."

ಮುರುಗೇಶಪ್ಪ ಸೀಮೆಸುಣ್ಣ ಹಚ್ಚಿದ ಹಲ್ಲಿನ ಮೇಲೆ ಬೆರಳಿಟ್ಟು "ಲಾಭ" ಎಂದ. ಪಕ್ಕದ ಹಲ್ಲಿಗೆ ಬೆರಳು ಸರಿಸಿ "ಒಂದು" ಎಂದ.

"ನಿಲ್ಲು. ಲಾಭ ಆದ್ಮೇಲೆ ಒಂದು ಹೆಂಗೆ ಬರುತ್ತೋ? ಎರಡಲ್ವಾ?"

"ಎರಡು ಹೆಂಗಾಗುತ್ತೆ? ಲಾಭ ದೇವರದು."

ಚೌಡಪ್ಪ ಬೆಳೆದ ಕಣದಲ್ಲಿ ಭತ್ತ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ. ಒಂದರ ಜಾಗದಲ್ಲಿ ಲಾಭ, ಆಮೇಲೆ ಎರಡು. ಮುರುಗೇಶಪ್ಪನ ಅಪ್ಪ ಅಕ್ಕಿಗಿರಣಿಯಲ್ಲಿ ಅಳೆಯುವ ಕೆಲಸದವನು. ಅವನ ಅಳತೆಯಲ್ಲಿ ಮೊದಲ ಕೊಳಗವನ್ನು ಲಾಭ ಎಂದು ಗುಡಿಗೆ ಬೇರೆ ಸುರಿದು, ಅಲ್ಲಿಂದ ಮುಂದೆ ಒಂದು ಎಂದು ಶುರು. ಪಟ್ಟಿಯ ಮೇಲೆ ಇಬ್ಬರೂ ಒಟ್ಟಿಗೇ ಲಾಭ ಎಂದಿದ್ದರು. ಅಲ್ಲಿಂದ ಮುಂದೆ ಒಬ್ಬೊಬ್ಬರು ಅವರವರ ಅಪ್ಪನ ಲೆಕ್ಕದಲ್ಲಿದ್ದರು.

"ಅಂದ್ರೆ ಇದು ನೂರಿಪ್ಪತ್ತೆಂಟಾ?" ಎಂದ ಮುರುಗೇಶಪ್ಪ.

"ಹೂಂ."

"ಥೂ. ಅದನ್ನ ತಟ್ಟೇಲೇ ಸಂಜೆಯೊಳಗೆ ಮಾಡ್ಕೊಡ್ತಿದ್ದೆನಲ್ಲಣ್ಣ." ಅವನಿಗೇ ನಗು ಬಂತು. "ದೇವರಿಗೆ ಒಂದು ಹಲ್ಲು ಕೊಟ್ಟಂಗಾಯ್ತು. ಅವನೂ ಮುದುಕ, ಬೇಕಾಗಿತ್ತೇನೋ."

ಚೌಡಪ್ಪನಿಗೂ ನಗು ಬರಬೇಕಿತ್ತು, ಬರಲಿಲ್ಲ. "ಇನ್ನೊಂದು ತಟ್ಟೆ ಇದೆಯಾ?"

"ತಟ್ಟೆ ಇದೆ. ಎಣಿಸೋಕೆ ಮಾತ್ರ ನಾನು ಬರಲ್ಲ. ಆಣೆಗೂ ಬರಲ್ಲ."

"ಯಾರೂ ಎಣಿಸೋದು ಬೇಡ," ಎಂದ ಚೌಡಪ್ಪ.

ಶೇಷಮ್ಮ ಟೇಪು ಕೊಡುವಾಗ ಹಿಂದಿನ ಮಾತನ್ನು ಎತ್ತಲಿಲ್ಲ. "ಹೊಸದು ತಂದ್ಕೊಡಿ, ಶುಕ್ರವಾರ ಮದುವೆ ರವಿಕೆ ಕೊಡೋದಿದೆ," ಎಂದಳು, ಅಷ್ಟೆ. ತಮ್ಮನಿಗೆ ಒಂದು ಮಾತು ಹೇಳು ಎಂದು ಚೌಡಪ್ಪನೂ ಕೇಳಲಿಲ್ಲ. ಲಾರಿ ಯಾವತ್ತು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಟೇಪಿನ ತುದಿಯ ತಗಡನ್ನು ಸೊನ್ನೆಯ ಗೆರೆಗೆ ಸರಿಯಾಗಿ ಕತ್ತರಿಸಿದರು, ಆ ಕಡೆ ನೂರಿಪ್ಪತ್ತೇಳರ ಗೆರೆಗೆ ಕತ್ತರಿಸಿದರು. ಹೊಸ ಗಾಲಿಯ ಅಂಚನ್ನು ಅರದಿಂದ ಉಜ್ಜುವುದು, ಟೇಪು ಸುತ್ತಿ ನೋಡುವುದು, ಮತ್ತೆ ಉಜ್ಜುವುದು. ಕಡೆಗೆ ಎರಡು ತುದಿಗಳೂ ಒಂದಕ್ಕೊಂದು ಮೂತಿ ತಾಗಿಸಿ ಕೂತವು. ಬಟ್ಟೆ ಎಳೆದರೆ ಎಲ್ಲ ಗೆರೆಗಳೂ ಒಟ್ಟಿಗೇ ಎಳೆಯುತ್ತವೆ. ಒಂದು ಗೆರೆ ಹೆಚ್ಚಾಗುವುದಿಲ್ಲ, ಒಂದು ಕಡಿಮೆಯಾಗುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲು ಒಂದು ಸರಳು, ಒಂದು ಗೇರು ಹಾಳಾಗಬೇಕಾಯಿತು.

"ಲಾಭ ಅಂತಲೂ ಅನ್ನಬಾರದಾ?" ಎಂದ ಮುರುಗೇಶಪ್ಪ ಮಿಷನ್ ಚಾಲು ಮಾಡುತ್ತಾ.

"ಅನ್ನು. ಅಂದು ಬಾಯಿ ಮುಚ್ಕೋ."

ಗೇರು ಮುಗಿದಾಗ ಚೌಡಪ್ಪ ಸ್ಕೇಲು ಇಟ್ಟು ನೋಡಿದ. ಹಲ್ಲಿಗೆ ಎದುರು ಸಂದು.

ತಿಂಗಳ ಕಡೇ ದಿನ ಬೆಳಿಗ್ಗೆ ಶೆಡ್ಡಿನ ಮೂಲೆಯಲ್ಲಿದ್ದ ಕಡೇ ಸರಳನ್ನು ಲೇತಿಗೆ ಕಟ್ಟಿ ಥ್ರೆಡ್ ಕೊರೆಯಲು ಶುರುಮಾಡಿದ. ಉದ್ದನೆಯ ಸ್ಕ್ರೂ ಒಂದೇ ಏಟಿಗೆ ಆಗುವುದಿಲ್ಲ. ತುದಿಯಿಂದ ತುದಿಗೆ ಕೂದಲಷ್ಟು ಆಳ ಕೊರೆಯುವುದು, ಲೇತನ್ನು ಹಿಂದಕ್ಕೆ ತಿರುಗಿಸಿ ಉಳಿಯನ್ನು ಮೊದಲಿಗೆ ತರುವುದು, ಮತ್ತೆ ಕೊರೆಯುವುದು. ಇಂಚಿನ ಕೆಲಸವಾದರೆ ನಡುವೆ ಉಳಿಯನ್ನು ಲೇತಿನ ಓಟಕ್ಕೆ ಕಚ್ಚಿಸುವ ಹಿಡಿಕೆ ಎತ್ತಿ ಅದನ್ನು ಕೈಯಲ್ಲೇ ಹಿಂದಕ್ಕೆ ತಳ್ಳಬಹುದು. ಮಿಲಿಮೀಟರಿನದ್ದಕ್ಕೆ ಆ ಹಿಡಿಕೆ ಮುಟ್ಟುವಂತಿಲ್ಲ. ಒಂದು ಸಲ ಎತ್ತಿದರೆ ಇಂಚೂ ಮಿಲಿಮೀಟರೂ ಕೈ ಬಿಟ್ಟುಕೊಳ್ಳುತ್ತವೆ. ಕೊರೆದ ಹಾದಿಗೆ ಉಳಿ ಮತ್ತೆ ಸರಿಯಾಗಿ ಬೀಳುತ್ತದೆಂಬ ಭರವಸೆಯಿಲ್ಲ, ಸರಳು ಕೆಟ್ಟಂತೆಯೇ.

ಮುಕ್ಕಾಲು ಕೆಲಸ ಮುಗಿದಿತ್ತು. ಲಾರಿ ಬಂತು. ಗುಜರಿಯವನು ಇಬ್ಬರು ಹಮಾಲರನ್ನು ಕರೆದುಕೊಂಡು ಇಳಿದ. ಹಿಂದೆಯೇ ಧರ್ಮಪ್ಪನ ಸ್ಕೂಟರು. ಧರ್ಮಪ್ಪ ಒಳಗೆ ಬಂದು ತಿರುಗುತ್ತಿದ್ದ ಸರಳು ನೋಡಿ ಗೋಡೆಗೆ ಒರಗಿದ. ಅದೇ ಹೊತ್ತಿಗೆ ಕರೆಂಟು ಹೋಯಿತು.

ಲೇತು ಏದುಸಿರು ಬಿಟ್ಟು ನಿಂತಿತು. ಉಳಿ ಸರಳಿನ ನಡುಮಧ್ಯದಲ್ಲಿ ಕಚ್ಚಿಕೊಂಡಿತ್ತು.

"ಇನ್ನೇನು ಸಾಬ್, ಲೇತೇ ಕೈ ಮುಗೀತು," ಎಂದ ಗುಜರಿಯವನು. ಸುತ್ತ ಒಂದು ಸುತ್ತು ಹಾಕಿ, ಮಿಷನ್ನಿನ ಬೆನ್ನು ತಟ್ಟಿ, ನಿಂತ ಕಡೆಯೇ ಹಿಡಿಕೆಯ ಮೇಲೆ ಕೈ ಊರಲು ಹೋದ.

"ಮುಟ್ಟಬೇಡ!"

ಚೌಡಪ್ಪನ ಕೂಗಿಗೆ ಹಮಾಲರೂ ಬೆಚ್ಚಿದರು. ಗುಜರಿಯವನು ಕೈ ಎತ್ತಿ ಹಿಂದೆ ಸರಿದ. "ಅರೆ, ನಿಮ್ಮ ಮಾಲು ನಾನೇನು ತಿಂತೀನಾ?"

"ಕರೆಂಟು ಬರೋವರೆಗೂ ಯಾರೂ ಹತ್ರ ಬರಬೇಡಿ," ಎಂದು ಚೌಡಪ್ಪ ಹಿಡಿಕೆಯ ಪಕ್ಕ ತಾನೇ ನಿಂತ.

ಗುಜರಿಯವನು ಧರ್ಮಪ್ಪನ ಕಡೆ ನೋಡಿದ. ಧರ್ಮಪ್ಪ ಗಡಿಯಾರ ನೋಡಿಕೊಂಡ. "ಟೀ ಕುಡ್ಕೊಂಡು ಬನ್ನಿ," ಎಂದ.

ಗಲಾಟೆ ಕೇಳಿ ಕೃಷ್ಣಪ್ಪ ತನ್ನ ಗೇಟು ಬಿಟ್ಟು ಬಂದ. ಕೈಯಲ್ಲಿ ಕುರ್ಚಿ. ಎಲ್ಲಿ ಹೋದರೂ ಅದನ್ನು ಬಿಟ್ಟು ಹೋಗುವಂತಿರಲಿಲ್ಲ, ಬಿಟ್ಟರೆ ಡ್ರೈವರುಗಳು ಎತ್ತಿಕೊಳ್ಳುತ್ತಿದ್ದರು. ಚೌಡಪ್ಪನನ್ನು ನೋಡಿ ಕುರ್ಚಿಯನ್ನು ಬಾಗಿಲ ಹತ್ತಿರದ ಗಾಳಿಗೆ ಇಟ್ಟ. "ಬಂದು ಕೂತ್ಕೊಳೋ ಮಾರಾಯ. ಕರೆಂಟು ಬಂದಾಗ ಎದ್ದರಾಯ್ತು. ಕಾಲು ನೋಡು, ಮರದ ದಿಮ್ಮಿ ಆಗಿದೆ."

ಕುರ್ಚಿ ಹತ್ತು ಹೆಜ್ಜೆ ದೂರದಲ್ಲಿತ್ತು. ಚೌಡಪ್ಪ ಅದನ್ನು ನೋಡಿದ, ಹಿಡಿಕೆಯನ್ನು ನೋಡಿದ. ಅಂಗೈಯಷ್ಟು ಉದ್ದದ ಕಬ್ಬಿಣ. ಬೆರಳಲ್ಲಿ ಎತ್ತಿದರೆ ಸಾಕು, ಟಕ್ಕೆನ್ನುತ್ತದೆ. ಕರೆಂಟು ಬಂದ ಮೇಲೆ ಉಳಿ ಬೇರೆ ಹಾದಿ ಹಿಡಿಯುತ್ತದೆ. ಯಾಕೆ ಎಂದು ಧರ್ಮಪ್ಪನಿಗೆ ಗೊತ್ತಾಗುವುದಿಲ್ಲ, ಮತ್ತೆ ಹಲ್ಲು ತಪ್ಪಿತು ಎಂದುಕೊಳ್ಳುತ್ತಾನೆ. ಸಂಜೆಯೊಳಗೆ ಶೆಡ್ಡು ಖಾಲಿ. ಸೋಮವಾರದಿಂದ ಎಲ್ಲೋ ಒಂದು ಗೇಟು, ಒಂದು ಕುರ್ಚಿ. ಇನ್ನು ಯಾವ ಗೇರೂ ಒಡೆಯುವುದಿಲ್ಲ, ಯಾರ ಅರ್ಧ ಸೆಂಟಿಮೀಟರಿಗೂ ಅವನು ಉತ್ತರ ಹೇಳಬೇಕಾಗಿಲ್ಲ. ಕಾರು ಬಂದಾಗ ಮಾತ್ರ ಏಳಬೇಕು.

ಅವನ ಕೈ ಹಿಡಿಕೆಯ ಮೇಲೆ ಹೋಯಿತು ಕೂಡ. ಕಬ್ಬಿಣ ಬೆಚ್ಚಗಿತ್ತು.

"ಏನ್ ಭಾವ?" ಎಂದ ಧರ್ಮಪ್ಪ ಗೋಡೆಯ ಕಡೆಯಿಂದ.

"ಏನಿಲ್ಲ," ಎಂದ ಚೌಡಪ್ಪ. ಕೈಯನ್ನು ಎತ್ತಲೂ ಇಲ್ಲ, ಸಡಿಲ ಬಿಡಲೂ ಇಲ್ಲ. ಹಿಡಿಕೆಯನ್ನು ಕೆಳಗೆ ಒತ್ತಿ ಹಿಡಿದು ಹಾಗೆಯೇ ನಿಂತ. ಮುಕ್ಕಾಲು ಕೊರೆದ ಸರಳು ಕಣ್ಣೆದುರಿಗಿತ್ತು. ಅದನ್ನು ಬೇಕೆಂದೇ ಕೆಡಿಸಲು ಕೈಗೆ ಅಭ್ಯಾಸವಿರಲಿಲ್ಲ. ಭಾರವನ್ನು ಎಡಗಾಲಿಗೆ ಹಾಕಿದ, ಬಲಗಾಲಿಗೆ ಹಾಕಿದ, ಮತ್ತೆ ಎಡಗಾಲಿಗೆ ಹಾಕಿದ. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಟೀ ಕುಡಿಯಲು ಹೋದವರು ವಾಪಸು ಬಂದು ಲಾರಿಯ ನೆರಳಲ್ಲಿ ಮಲಗಿದರು. ಕೃಷ್ಣಪ್ಪ ತನ್ನ ಕುರ್ಚಿಯಲ್ಲಿ ತಾನೇ ಕೂತು ತೂಕಡಿಸಿದ.

ಕರೆಂಟು ಬಂದಾಗ ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತ್ತು. ಲೇತು ಕುರ್ರೆನ್ನದೆ ಎದ್ದಿತು. ಉಳಿ ತಾನು ನಿಂತ ಹಾದಿಯಲ್ಲೇ ಮುಂದೆ ಹೋಯಿತು.

ಕಡೇ ಕೊರೆತ ಮುಗಿದ ಮೇಲೆ ಚೌಡಪ್ಪ ಜೇಬಿನಿಂದ ಟೇಪಿನ ಉಳಿದ ತುಂಡನ್ನು ತೆಗೆದು ಧರ್ಮಪ್ಪನ ಕೈಗೆ ಕೊಟ್ಟ. ನೂರಿಪ್ಪತ್ತೇಳರಿಂದ ನೂರೈವತ್ತರವರೆಗಿನ ತುಂಡು, ಇಪ್ಪತ್ಮೂರು ಸೆಂಟಿಮೀಟರ್. "ಸರಳಿನ ಮೇಲೆ ಇಡು. ಇಷ್ಟರಲ್ಲಿ ನಲವತ್ತಾರು ಸುತ್ತು ಬರಬೇಕು. ಕೂದಲಷ್ಟೂ ಮಿಗಬಾರದು."

ಧರ್ಮಪ್ಪ ಕನ್ನಡಕ ಏರಿಸಿ ಬಗ್ಗಿದ. ಬೆರಳಿನ ಉಗುರನ್ನು ಮೊದಲ ಸುತ್ತಿನ ಮೇಲಿಟ್ಟು ಬಾಯಿ ತೆರೆದ. "ಲಾ..."

"ಒಂದು ಅನ್ನು," ಎಂದ ಚೌಡಪ್ಪ. "ನಿಮ್ಮಪ್ಪನಾಣೆ, ಒಂದು ಅನ್ನು."

ಧರ್ಮಪ್ಪ ಒಂದು ಎಂದ. ನಲವತ್ತಾರಕ್ಕೆ ಟೇಪಿನ ತುದಿಯೂ ಥ್ರೆಡ್ಡಿನ ಅಂಚೂ ಒಂದೇ ಕಡೆ ನಿಂತವು. ಮತ್ತೊಂದು ಕಡೆ ಇಟ್ಟು ಮತ್ತೆ ಎಣಿಸಿದ. ಆಫೀಸಿನಲ್ಲಿ ಕೂಡುವ ಲೆಕ್ಕ ಮಾಡಿ ಮುದುಕನಾದವನು, ಒಂದು ಸಲದ ಉತ್ತರವನ್ನು ನಂಬುವವನಲ್ಲ. ಆಮೇಲೆ ಟೇಪನ್ನು ಮಡಿಸಿ ಭಾವನಿಗೆ ವಾಪಸು ಕೊಟ್ಟ. ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಹೊರಗೆ ಹೋಗಿ ಗುಜರಿಯವನ ಹತ್ತಿರ ಏನೋ ಮಾತಾಡಿದ.

"ಮುಂದಿನ ತಿಂಗಳು ಬರ್ಲಾ?" ಎಂದು ಗುಜರಿಯವನು ಕೇಳಿದ್ದು ಒಳಗೆ ಕೇಳಿಸಿತು.

"ಹೇಳಿಕಳಿಸ್ತೀನಿ," ಎಂದ ಧರ್ಮಪ್ಪ. ಲಾರಿ ಖಾಲಿಯಾಗಿ ಶಬ್ದ ಮಾಡುತ್ತಾ ಹೋಯಿತು. ಬಾಗಿಲಲ್ಲಿ ನಿಂತು ಧರ್ಮಪ್ಪ ಹೇಳಿದ: "ಇರಲಿ ಬಿಡಿ ಭಾವ. ನಾಳೆ ಹಿರಿಯಣ್ಣನಿಗೆ ಮುಟ್ಟಿಸಿ. ಸಾಗರದಲ್ಲಿ ಅವನ ಭಾಮೈದನದೂ ಪ್ರೆಸ್ಸಿದೆಯಂತೆ, ಅಲ್ಲೂ ಇದೇ ಸ್ಕ್ರೂ ಹೋಗಿದೆಯಂತೆ. ಕೇಳಿ ನೋಡಿ."

"ಹೂಂ," ಎಂದ ಚೌಡಪ್ಪ.

ಸ್ಕೂಟರಿನ ಸದ್ದು ರಸ್ತೆ ಸೇರಿತು. ಚೌಡಪ್ಪ ಸರಳನ್ನು ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆಂಚಿನ ಮೇಲೆ ಮಲಗಿಸಿದ. ಒಂದು ಗಳಿಗೆ ಕೂರೋಣವೆಂದು ಬಾಗಿಲ ಕಡೆ ತಿರುಗಿದ. ಕುರ್ಚಿ ಇರಲಿಲ್ಲ. ಶಿಫ್ಟು ಬಿಡುವ ಹೊತ್ತಾಗಿದ್ದರಿಂದ ಕೃಷ್ಣಪ್ಪ ಅದನ್ನು ಎತ್ತಿಕೊಂಡು ತನ್ನ ಗೇಟಿಗೆ ಹೋಗಿದ್ದ.

ನಟ್ಟು ಇನ್ನೂ ಬಾಕಿಯಿತ್ತು. ಕರೆಂಟು ಇರುವಾಗಲೇ ಮುಗಿಸಿದರೆ ವಾಸಿ. ಚೌಡಪ್ಪ ಗನ್‌ಮೆಟಲ್ಲಿನ ತುಂಡನ್ನು ಲೇತಿಗೆ ಕಚ್ಚಿಸಿ ಬಿಗಿದ. ಸ್ಪ್ಯಾನರನ್ನು ಗೇರಿನ ಹತ್ತಿರದಿಂದ ತೆಗೆದು ನೆಲಕ್ಕೆ ಇಟ್ಟ, ಇಟ್ಟದ್ದನ್ನು ಇನ್ನೊಂದು ಸಲ ನೋಡಿಕೊಂಡ, ಆಮೇಲೆ ಸ್ವಿಚ್ಚು ಹಾಕಿದ.